ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ: ಜೋಡಿ ಮೊಲಕ್ಕೆ ಎರಡು ಗೂಡು

ಪ್ರಶ್ನೆ: ಡಾಕ್ಟರೇ, ಮಕ್ಕಳ ಆಸೆಗೆಂದು ಕಳೆದ ವರ್ಷ ಒಂದು ಗಂಡು, ಒಂದು ಹೆಣ್ಣು ಬಿಳಿ ಮೊಲಗಳನ್ನು ತಂದು ಒಂದೇ ಗೂಡಿನಲ್ಲಿ ಸಾಕುತ್ತಿದ್ದೇವೆ. ಎರಡು ತಿಂಗಳ ಹಿಂದೆ ಹೆಣ್ಣು ಆರು ಮರಿ ಹಾಕಿತು, ನಾಲ್ಕು ಉಳಿದವು. ಆ ಮರಿಗಳು ಇನ್ನೂ ಹಾಲು ಕುಡಿಯುತ್ತಿರುವಾಗಲೇ, ಸರಿಯಾಗಿ 31ನೆಯ ದಿನ, ಅದು ಮತ್ತೆ ಐದು ಮರಿ ಹಾಕಿತು. ಈ ಸಲ ತುಪ್ಪಳ ಕಿತ್ತು ಹಾಸಲಿಲ್ಲ, ಮರಿಗಳ ಹತ್ತಿರವೂ ಹೋಗಲಿಲ್ಲ. ಮೂರು ದಿನದಲ್ಲಿ ಐದೂ ಸತ್ತವು. ಗಂಡನ್ನು ಬೇರೆ ಇಡೋಣವೆಂದರೆ ನಮ್ಮ ಅತ್ತೆಯವರು ‘ಜೋಡಿಯನ್ನು ಅಗಲಿಸುವುದು ಪಾಪ’ ಎನ್ನುತ್ತಾರೆ. ವರ್ಷಕ್ಕೆ ಒಂದೆರಡು ಸಲ ಮರಿ ಮಾಡಿಸಬೇಕೆಂಬ ಆಸೆ ನಮಗಿದೆ. ಇವನ್ನು ಹೇಗೆ ಇಡಬೇಕು?
– ಓದುಗರೊಬ್ಬರು, ಬನಶಂಕರಿ

ಉತ್ತರ: ಗಂಡು ಇನ್ನೂ ಅದೇ ಗೂಡಿನಲ್ಲಿದ್ದರೆ, ದಯವಿಟ್ಟು ಇದನ್ನು ಓದಿದ ದಿನವೇ ಅದನ್ನು ಬೇರೆ ಮಾಡಿ, ಹೆಣ್ಣಿನ ಗೂಡಿನಲ್ಲಿ ಹುಲ್ಲು ಹಾಸಿದ ಒಂದು ಮರಿಪೆಟ್ಟಿಗೆ ಇಡಿ. ಎರಡನೆಯ ಸಲ ಮರಿ ಹಾಕಿದ ದಿನವೂ ಗಂಡು ಜೊತೆಯಲ್ಲಿಯೇ ಇತ್ತು ಎಂದಾದರೆ, ನಿಮ್ಮ ಮೊಲ ಮೂರನೆಯ ಸಲ ಗಬ್ಬವಾಗಿ ಈಗ ದಿನ ತುಂಬಿಕೊಂಡಿರುವ ಸಾಧ್ಯತೆ ಬಹಳ ಹೆಚ್ಚು.

ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಆ ದಿನ ತಪ್ಪಿದರೆ ಮತ್ತೆ ಕಾಯಬೇಕು. ಮೊಲಕ್ಕೆ ಅಂಥ ಲೆಕ್ಕವಿಲ್ಲ. ಗಂಡಿನೊಂದಿಗೆ ಕೂಡಿದ ಪ್ರಚೋದನೆಯಿಂದಲೇ, ಸುಮಾರು 10ರಿಂದ 13 ಗಂಟೆಗಳಲ್ಲಿ ಅದರ ಅಂಡಾಣುಗಳು ಬಿಡುಗಡೆಯಾಗುತ್ತವೆ. ಅಂದರೆ ಗಂಡು ಇದ್ದಲ್ಲಿ ಬಹುತೇಕ ಯಾವ ದಿನವಾದರೂ ಗಬ್ಬ ಕಟ್ಟಬಹುದು. ಮರಿ ಹಾಕಿದ ಕೆಲವೇ ಗಂಟೆಗಳಲ್ಲಿ ಅದು ಗಂಡನ್ನು ಸೇರಿಸಿಕೊಳ್ಳುತ್ತದೆ. ಗಬ್ಬದ ಅವಧಿ 30ರಿಂದ 32 ದಿನ. ನಿಮ್ಮ ಮನೆಯಲ್ಲಿ 31ನೆಯ ದಿನ ಎರಡನೆಯ ಸೂಲು ಬಂದದ್ದು ಈ ಲೆಕ್ಕದ ಪ್ರಕಾರವೇ.

ಇದರಿಂದ ತಾಯಿಯ ಮೈಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮರಿಗಳಿಗೆ ಮೂರು ವಾರ ತುಂಬುವ ಹೊತ್ತಿಗೆ ತಾಯಿಯ ಹಾಲು ಅತಿ ಹೆಚ್ಚಿನ ಮಟ್ಟದಲ್ಲಿರುತ್ತದೆ. ಹೊಟ್ಟೆಯೊಳಗಿನ ಮುಂದಿನ ಮರಿಗಳು ಅತಿ ವೇಗವಾಗಿ ಬೆಳೆಯತೊಡಗುವುದೂ ಸರಿಯಾಗಿ ಅದೇ ವಾರಗಳಲ್ಲಿ. ಹೊರಗಿನವಕ್ಕೂ ಒಳಗಿನವಕ್ಕೂ ಒಂದೇ ಮೈ ಕ್ಯಾಲ್ಸಿಯಂ, ಕೊಬ್ಬು, ಮಾಂಸಶಕ್ತಿ ಎಲ್ಲವನ್ನೂ ಹಂಚಬೇಕು. ನನ್ನ ಚಿಕಿತ್ಸಾಲಯಕ್ಕೆ ಹಿಂದೊಮ್ಮೆ ಇಂಥದೇ ಒಂದು ಬೂದು ಬಣ್ಣದ ಹೆಣ್ಣು ಬಂದಿತ್ತು. ಗಂಡಿನೊಂದಿಗೆ ಒಂದೇ ಗೂಡಿನಲ್ಲಿದ್ದು, ಸತತ ನಾಲ್ಕು ಸೂಲು ಮರಿ ಹಾಕಿತ್ತು. ಬೆನ್ನ ಮೇಲೆ ಕೈಯಾಡಿಸಿದರೆ ಒಂದೊಂದು ಮೂಳೆಯೂ ಪೋಣಿಸಿದ ಮಣಿಯಂತೆ ಬೆರಳಿಗೆ ಸಿಗುತ್ತಿತ್ತು. ಹೊಟ್ಟೆಯಡಿಯಲ್ಲೂ, ಕತ್ತಿನ ಕೆಳಗೆ ಹಸುವಿನ ಗಂಗೆದೊಗಲಿನಂತೆ ಜೋತ ಮಡಿಕೆಯಲ್ಲೂ ಕಿತ್ತ ತುಪ್ಪಳ ಮತ್ತೆ ಬೆಳೆಯಲು ಬಿಡುವೇ ಸಿಗದೆ ಚರ್ಮ ಬೋಳಾಗಿತ್ತು. ನಿಮ್ಮ ಮೊಲ ಎರಡನೆಯ ಸಲ ತುಪ್ಪಳ ಹಾಸಲಿಲ್ಲವೆಂದು ಓದಿದಾಗ ನನಗೆ ಆ ಮೊಲವೇ ನೆನಪಾಯಿತು. ಅದು ಕೆಟ್ಟ ತಾಯಿಯೆಂದು ಮನೆಯಲ್ಲಿ ಯಾರೂ ಭಾವಿಸಬಾರದು. ಹಾಸಲು ಅದರ ಮೈಯಲ್ಲಿ ತುಪ್ಪಳವಿರಲಿಲ್ಲ. ಹಿಂದಿನ ಮರಿಗಳು, ಬೆನ್ನು ಬಿಡದ ಗಂಡು, ಇವೆಲ್ಲದರ ನಡುವೆ ಗೂಡು ಕಟ್ಟಲು ಒಂದು ಮೂಲೆಯೂ ಇರಲಿಲ್ಲ.

ನಿಮ್ಮ ಅತ್ತೆಯವರ ಮಾತಿನ ಹಿಂದಿರುವ ಕರುಣೆ ನನಗೆ ಅರ್ಥವಾಗುತ್ತದೆ. ಅವರಿಗೆ ಒಂದು ಸಂಗತಿಯನ್ನು ತಿಳಿಸಿ. ನಾವು ಮನೆಯಲ್ಲಿ ಸಾಕುವ ಮೊಲಗಳ ಮೂಲ ಯೂರೋಪಿನ ಕಾಡು ಮೊಲ; ಅದು ನೆಲದಲ್ಲಿ ಬಿಲ ತೋಡಿ ಗುಂಪಾಗಿ ಬಾಳುವ ಪ್ರಾಣಿ. ಹಾಗಿದ್ದರೂ ಎಷ್ಟೋ ಹೆಣ್ಣುಗಳು ಮರಿ ಹಾಕುವ ಹೊತ್ತಿಗೆ ಗುಂಪಿನ ಬಿಲವನ್ನು ಬಿಟ್ಟು ದೂರದಲ್ಲಿ ತಮ್ಮದೇ ಪುಟ್ಟ ಬಿಲವೊಂದನ್ನು ತೋಡಿಕೊಳ್ಳುತ್ತವೆ, ಅದರೊಳಗೆ ಮರಿ ಹಾಕಿ ಬಾಯಿಯನ್ನು ಮಣ್ಣಿನಿಂದ ಮುಚ್ಚಿ ಹೊರಬರುತ್ತವೆ, ದಿನಕ್ಕೊಮ್ಮೆ ಹೋಗಿ ಕೆಲವೇ ನಿಮಿಷ ಹಾಲೂಡಿಸಿ ಮತ್ತೆ ಮುಚ್ಚಿ ಬರುತ್ತವೆ. ಆ ಬಿಲದೊಳಗೆ ಗಂಡಿಗೆ ಜಾಗವಿಲ್ಲ. ಬಾಣಂತಿಗೆ ಬೇರೆ ಕೋಣೆ ಕೊಡುವ ಪದ್ಧತಿ ನಮ್ಮಲ್ಲಿಯೂ ಇದೆಯಲ್ಲವೇ? ಎರಡಡಿ ಅಗಲದ ಗೂಡಿನಲ್ಲಿ ಓಡಿಹೋಗಲು ದಾರಿಯಿಲ್ಲದ ಹೆಣ್ಣನ್ನು ಗಂಡಿನೊಂದಿಗೆ ಹಗಲಿರುಳು ಕೂಡಿಹಾಕುವುದೇ ಅದರ ಸ್ವಭಾವಕ್ಕೆ ವಿರುದ್ಧವಾದದ್ದು.

ಆದ್ದರಿಂದ ಮರಿ ಮಾಡಿಸುವವರು ಗಂಡಿಗೊಂದು, ಹೆಣ್ಣಿಗೊಂದು ಗೂಡು ಇಟ್ಟುಕೊಳ್ಳಲೇಬೇಕು. ಒಂದೊಂದೂ ಕನಿಷ್ಠ ಮೂರಡಿ ಉದ್ದ, ಎರಡಡಿ ಅಗಲವಿರಲಿ. ಇನ್ನೂ ದೊಡ್ಡದಾದರೆ ಒಳ್ಳೆಯದು. ತಂತಿ ಬಲೆಯ ತಳವಿದ್ದರೆ ಹಿಂಗಾಲಿನ ಅಂಗಾಲು ಹುಣ್ಣಾಗುತ್ತದೆಯಾದ್ದರಿಂದ ಅರ್ಧ ಭಾಗಕ್ಕಾದರೂ ಒಂದು ಮರದ ಹಲಗೆ ಹಾಕಿ. ಗೂಡುಗಳು ಒಂದೇ ಕೋಣೆಯಲ್ಲಿ, ಒಂದಕ್ಕೊಂದು ಕಾಣುವಂತೆ ಇರಬಹುದು. ಆದರೆ ಬಲೆಯ ಮೂಲಕ ಬೆರಳು ಕಚ್ಚದಂತೆ ನಡುವೆ ಒಂದು ಗೇಣಿಗಿಂತ ಹೆಚ್ಚು ಅಂತರ ಬಿಡಿ. ಎರಡು ಗಂಡುಗಳಿದ್ದರೆ ಅವುಗಳ ಗೂಡುಗಳನ್ನು ಪಕ್ಕಪಕ್ಕದಲ್ಲಿ ಇಡಲೇಬೇಡಿ. ದಿನವೂ ಸರದಿಯ ಮೇಲೆ ಒಂದೊಂದನ್ನೇ ಮನೆಯೊಳಗೆ ಕೆಲವು ಗಂಟೆ ಓಡಾಡಲು ಬಿಟ್ಟರೆ, ಒಂಟಿತನ ಕಾಡುತ್ತದೆಂಬ ನಿಮ್ಮ ಮನೆಯವರ ಆತಂಕವೂ ಬಹುಮಟ್ಟಿಗೆ ಕಡಿಮೆಯಾದೀತು.

ಕೂಡಿಸುವ ದಿನ ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯಬೇಕೇ ಹೊರತು ಗಂಡನ್ನು ಹೆಣ್ಣಿನ ಗೂಡಿಗೆ ಎಂದಿಗೂ ಬಿಡಬಾರದು. ಹೆಣ್ಣಿಗೆ ತನ್ನ ಜಾಗದ ಮೇಲೆ ಬಹಳ ಹಕ್ಕು. ಒಳಗೆ ಬಂದವರನ್ನು ಅದು ಮೈಮೇಲೆ ಬಿದ್ದು ಕಚ್ಚುತ್ತದೆ. ವೃತ್ತಿಗೆ ಬಂದ ಹೊಸತರಲ್ಲಿ, ನನ್ನದೇ ಎರಡು ಮೊಲಗಳ ವಿಷಯದಲ್ಲಿ ನಾನು ಇದನ್ನು ತಿರುಗುಮುರುಗು ಮಾಡಿದ್ದೆ. ನಾನು ಬಾಗಿಲು ಹಾಕಿ ಈಚೆ ತಿರುಗುವಷ್ಟರಲ್ಲಿ ಹೆಣ್ಣು ಗಂಡಿನ ವೃಷಣಕ್ಕೆ ಕಚ್ಚಿ ಸೀಳಿತ್ತು. ಹೊಲಿಗೆ ಹಾಕಬೇಕಾಯಿತು, ಗಾಯ ಮಾಯಲು ಮೂರು ವಾರ ಹಿಡಿಯಿತು. ಗಂಡಿಗೂ ಪರಸ್ಥಳದಲ್ಲಿ ಗಮನ ನಿಲ್ಲುವುದಿಲ್ಲ. ಮೂಲೆಮೂಲೆ ಮೂಸುತ್ತ, ಗಲ್ಲ ಉಜ್ಜಿ ಗುರುತು ಹಾಕುತ್ತ ಕಾಲ ಕಳೆಯುತ್ತದೆ.

ಬೆಳಗಿನ ಅಥವಾ ಸಂಜೆಯ ತಂಪು ಹೊತ್ತನ್ನು ಆರಿಸಿಕೊಳ್ಳಿ. ಒಯ್ಯುವ ಮೊದಲು ಹೆಣ್ಣಿನ ಜನನಾಂಗದ ಬಣ್ಣವನ್ನು ನೋಡಿ. ಬಿಳಿಚಿಕೊಂಡಿದ್ದರೆ ಇನ್ನೂ ಒಂದೆರಡು ದಿನ ಕಾಯಿರಿ, ಕೆಂಪಗೆ ಊದಿಕೊಂಡಿದ್ದರೆ ಒಪ್ಪುವ ಸಂಭವ ಹೆಚ್ಚು. ಒಪ್ಪಿದ ಹೆಣ್ಣು ಮೈ ಚಾಚಿ ಹಿಂಭಾಗವನ್ನು ಎತ್ತಿ ನಿಲ್ಲುತ್ತದೆ. ಕೂಡುವಿಕೆ ಕೆಲವೇ ಕ್ಷಣಗಳದ್ದು. ಮುಗಿದೊಡನೆ ಗಂಡು ಸಣ್ಣದೊಂದು ಕೂಗಿನೊಂದಿಗೆ ಪಕ್ಕಕ್ಕೆ ಉರುಳಿ ಬೀಳುತ್ತದೆ. ಮೊದಲ ಸಲ ನೋಡುವವರು ಮೂರ್ಛೆ ಹೋಯಿತೆಂದು ಗಾಬರಿಯಾಗುತ್ತಾರೆ, ಗಾಬರಿ ಬೇಡ. ಒಂದೆರಡು ಸಲ ಹೀಗಾದ ಮೇಲೆ ಹೆಣ್ಣನ್ನು ಅದರ ಗೂಡಿಗೆ ಮರಳಿಸಿ, ಕ್ಯಾಲೆಂಡರಿನಲ್ಲಿ ದಿನಾಂಕ ಗುರುತು ಹಾಕಿ. ಹೆಣ್ಣು ಮೂಲೆ ಸೇರಿ ಗುರುಗುಟ್ಟಿದರೆ, ಅಥವಾ ಹದಿನೈದು ನಿಮಿಷವಾದರೂ ಏನೂ ನಡೆಯದಿದ್ದರೆ ಎತ್ತಿಕೊಂಡು ಬನ್ನಿ; ‘ರಾತ್ರಿಯಿಡೀ ಬಿಟ್ಟರೆ ತಾನೇ ಹೊಂದಿಕೊಳ್ಳುತ್ತದೆ’ ಎಂದು ಬಿಟ್ಟು ಮಲಗಬೇಡಿ. ಅಷ್ಟೂ ಹೊತ್ತು ನೀವು ಪಕ್ಕದಲ್ಲಿಯೇ ಇರಬೇಕು.

ಕೂಡಿಸಿದ 12ರಿಂದ 14ನೆಯ ದಿನದ ಹೊತ್ತಿಗೆ ಅನುಭವಸ್ಥ ಪಶುವೈದ್ಯರು ಹೊಟ್ಟೆಯನ್ನು ಮೃದುವಾಗಿ ಮುಟ್ಟಿ ಗಬ್ಬವೋ ಅಲ್ಲವೋ ಹೇಳಬಲ್ಲರು. ನೀವಾಗಿ ಒತ್ತಿ ನೋಡುವುದು ಬೇಡ. 27 ಅಥವಾ 28ನೆಯ ದಿನ ಮರಿಪೆಟ್ಟಿಗೆ ಇಡಿ. ಸಾಧಾರಣ ಗಾತ್ರದ ಮೊಲಕ್ಕೆ ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಮರದ ಪೆಟ್ಟಿಗೆ ಸಾಕು. ತಾಯಿ ಹಾರಿ ಹೋಗಿಬರುವಂತೆ ಮುಂದಿನ ಹಲಗೆ ಗಿಡ್ಡದಾಗಿರಲಿ, ಒಳಗೆ ಮೆತ್ತನೆಯ ಒಣಹುಲ್ಲು ತುಂಬಿರಲಿ. 34 ದಿನ ದಾಟಿಯೂ ಮರಿ ಹಾಕದಿದ್ದರೆ ವೈದ್ಯರಲ್ಲಿಗೆ ಒಯ್ಯಿರಿ.

ಮರಿ ಹಾಕಿದ ಮೇಲೆ ತಾಯಿ ಅವುಗಳ ಮೇಲೆ ಕೋಳಿಯಂತೆ ಕಾವು ಕೊಟ್ಟು ಕೂರುವುದಿಲ್ಲ. ದಿನಕ್ಕೆ ಒಂದೋ ಎರಡೋ ಸಲ, ಮೂರರಿಂದ ಐದು ನಿಮಿಷ ಹಾಲೂಡಿಸುತ್ತದೆ, ಅದೂ ಹೆಚ್ಚಾಗಿ ನಾವು ನೋಡದ ವೇಳೆಯಲ್ಲಿ. ಮನುಷ್ಯರು ಮುಟ್ಟಿದರೆ ತಾಯಿ ಮರಿಗಳನ್ನು ಬಿಟ್ಟುಬಿಡುತ್ತದೆ ಎಂಬ ನಂಬಿಕೆ ಮನೆಮನೆಯಲ್ಲಿದೆ. ನಿಮ್ಮ ಕೈಯ ವಾಸನೆ ತಿಳಿದ ಸಾಕು ಮೊಲ ಹಾಗೆ ಮಾಡುವುದಿಲ್ಲ. ಕೈ ತೊಳೆದು, ತಾಯಿಯ ಬೆನ್ನನ್ನು ಒಮ್ಮೆ ನೇವರಿಸಿ, ತುಪ್ಪಳವನ್ನು ನಿಧಾನವಾಗಿ ಸರಿಸಿ ದಿನವೂ ಎಣಿಸಿ, ಸತ್ತದ್ದಿದ್ದರೆ ತೆಗೆದುಬಿಡಿ. ಎಲ್ಲವೂ ಸರಿಯಿದ್ದರೆ ಮುಟ್ಟುವ ಮೊದಲೇ ಗೊತ್ತಾಗುತ್ತದೆ, ಒಳಗಿನ ಉಸಿರಿಗೆ ಮೇಲಿನ ತುಪ್ಪಳ ಮೆಲ್ಲಗೆ ಏರಿಳಿಯುತ್ತಿರುತ್ತದೆ. ಹಾಲು ಕುಡಿದ ಮರಿಯ ಹೊಟ್ಟೆ ಗುಂಡಗಿದ್ದು, ತೆಳುವಾದ ಚರ್ಮದೊಳಗಿಂದ ಹಾಲಿನ ಬಿಳುಪು ಕಾಣುತ್ತದೆ; ಕುಡಿಯದ ಮರಿಯ ಹೊಟ್ಟೆ ಸುಕ್ಕಾಗಿ ಒಳಸೇರಿರುತ್ತದೆ. ತಾಯಿಯ ಕೆಚ್ಚಲು ಬಿಸಿಯಾಗಿ, ಗಟ್ಟಿಯಾಗಿ, ನೀಲಿಗೆ ತಿರುಗಿದ್ದರೆ ಅಂದೇ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಮಕ್ಕಳಿಗೆ ತಂದು ಉಳಿದ ಅಮಾಕ್ಸಿಸಿಲಿನ್ ಸಿರಪ್ಪನ್ನು ಮಾತ್ರ ಬಾಯಿಗೆ ಹಾಕಬೇಡಿ. ಆ ಜಾತಿಯ ಔಷಧಿ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಮೊಲವನ್ನೇ ಕೊಲ್ಲಬಲ್ಲದು.

ಮರಿಗಳಿಗೆ 10ರಿಂದ 12 ದಿನಕ್ಕೆ ಕಣ್ಣು ಬಿಡುತ್ತದೆ. ಆರರಿಂದ ಎಂಟು ವಾರ ತಾಯಿಯೊಂದಿಗೆ ಇರಲಿ. ಅವು ಹಾಲು ಬಿಟ್ಟ ಮೇಲೆ ತಾಯಿಗೆ ಕನಿಷ್ಠ ಎರಡು ತಿಂಗಳು ಪೂರ್ಣ ವಿಶ್ರಾಂತಿ ಕೊಡಿ, ಮೈ ತುಂಬಿಕೊಂಡು ತುಪ್ಪಳ ಮತ್ತೆ ಬೆಳೆದ ಮೇಲೆಯೇ ಮುಂದಿನ ಮಾತು. ನೀವು ಬಯಸುವ ವರ್ಷಕ್ಕೆ ಒಂದೆರಡು ಸೂಲು ಹೀಗೆ ಮಾಡಿದರೆ ಸರಾಗವಾಗಿ ಸಾಧ್ಯ. ಆದರೆ ಒಂದೊಂದು ಸೂಲಿನಲ್ಲಿ ಆರೇಳು ಮರಿಗಳಾದಾಗ ಅವನ್ನು ಯಾರು ಸಾಕುತ್ತಾರೆ ಎಂಬುದನ್ನು ಕೂಡಿಸುವ ಮೊದಲೇ ನಿಶ್ಚಯಿಸಿಕೊಳ್ಳಿ. ಕಬ್ಬನ್ ಪಾರ್ಕಿಗೋ ಲಾಲ್‌ಬಾಗಿಗೋ ಬಿಟ್ಟುಬಂದರೆ ಹುಲ್ಲು ತಿಂದು ಬದುಕಿಕೊಳ್ಳುತ್ತವೆ ಎಂದು ನಂಬಿದವರನ್ನು ನಾನು ಬಲ್ಲೆ. ಸಾಕು ಮೊಲ ನಾಯಿ, ಹದ್ದುಗಳ ನಡುವೆ ಒಂದು ರಾತ್ರಿ ಉಳಿಯುವುದೂ ಕಷ್ಟ.

ಪ್ರಶ್ನೆ: ಅಂಗಡಿಯಲ್ಲಿ ‘ಎರಡೂ ಹೆಣ್ಣು’ ಎಂದು ಹೇಳಿ ಎರಡು ಮೊಲಗಳನ್ನು ಕೊಟ್ಟರು. ಈಗ ಆರು ತಿಂಗಳಾಗಿದೆ. ಒಂದು ಮತ್ತೊಂದರ ಮೇಲೆ ಹತ್ತುತ್ತದೆ. ಕಳೆದ ವಾರ ಕೆಳಗಿನದು ತುಪ್ಪಳ ಕಿತ್ತು ಗೂಡು ಕಟ್ಟಿತು, ಆದರೆ ಮರಿ ಬರಲಿಲ್ಲ. ಅಂಗಡಿಯವರು ಈಗಲೂ ಎರಡೂ ಹೆಣ್ಣೇ ಎನ್ನುತ್ತಾರೆ. ಏನೆಂದು ತಿಳಿಯುವುದು?
– ಓದುಗರೊಬ್ಬರು, ವಿಜಯನಗರ

ಉತ್ತರ: ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಮಾತನ್ನು ನಂಬಿ ಕೂರುವುದು ಬೇಡ, ಮೊಲವನ್ನೇ ನೋಡಿ ತಿಳಿಯೋಣ. ಆದರೆ ಈ ಸಲ ಅಂಗಡಿಯವರ ಮಾತು ನಿಜವಿರಲೂಬಹುದು. ಹತ್ತುವುದು ಗಂಡಿನ ಗುರುತೇ ಆಗಬೇಕಿಲ್ಲ, ಮೇಲುಗೈ ತೋರಿಸಲು ಹೆಣ್ಣುಗಳೂ ಒಂದರ ಮೇಲೊಂದು ಹತ್ತುತ್ತವೆ. ಆ ಪ್ರಚೋದನೆಯಷ್ಟಕ್ಕೇ ಅಂಡಾಣು ಬಿಡುಗಡೆಯಾಗಿ, ದೇಹ ತಾನು ಗಬ್ಬವೆಂದು ಭಾವಿಸಿ, 16ರಿಂದ 18 ದಿನಗಳ ಹೊತ್ತಿಗೆ ಗೂಡು ಕಟ್ಟುವುದುಂಟು. ಇದನ್ನು ಸುಳ್ಳು ಗಬ್ಬ ಎನ್ನುತ್ತೇವೆ. ಕೆಲವು ದಿನಗಳಲ್ಲಿ ತಾನಾಗಿ ಸರಿಹೋಗುತ್ತದೆ. ಕಟ್ಟಿದ ಗೂಡನ್ನು ಆ ತನಕ ಕೆಡಿಸಬೇಡಿ.

ಖಚಿತವಾಗಿ ತಿಳಿಯಲು ಮೊಲವನ್ನು ಮಡಿಲಿನಲ್ಲಿ ಅಂಗಾತ ಮಲಗಿಸಿ, ಬೆನ್ನಿಗೆ ಪೂರ್ತಿ ಆಸರೆ ಕೊಟ್ಟು, ಜನನಾಂಗದ ಎರಡು ಬದಿಯಲ್ಲಿ ಬೆರಳಿಟ್ಟು ಮೆಲ್ಲಗೆ ಒತ್ತಬೇಕು. ಗಂಡಿನಲ್ಲಿ ದುಂಡನೆಯ ಬಾಯಿಯ ಸಣ್ಣ ಕೊಳವೆಯೊಂದು ಮೇಲೇಳುತ್ತದೆ. ಹೆಣ್ಣಿನಲ್ಲಿ ಎಲೆಯಾಕಾರದ ಸೀಳು ಕಾಣುತ್ತದೆ. ಆರು ತಿಂಗಳ ಗಂಡಿಗೆ ತೊಡೆಸಂದಿಯಲ್ಲಿ ಎರಡು ವೃಷಣಗಳು, ತುಪ್ಪಳವಿಲ್ಲದ ಉದ್ದನೆಯ ಚೀಲಗಳಂತೆ, ಸಾಮಾನ್ಯವಾಗಿ ಕಾಣಲೇಬೇಕು. ಆದರೆ ಹೆದರಿದ ಮೊಲ ಅವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳಬಲ್ಲದು, ಆದ್ದರಿಂದ ಒಮ್ಮೆ ಕಾಣಲಿಲ್ಲವೆಂದು ಹೆಣ್ಣೆಂದು ತೀರ್ಮಾನಿಸಬೇಡಿ. ಒದ್ದಾಡುವ ಮೊಲವನ್ನು ಬಲವಂತವಾಗಿ ಹಿಡಿದರೆ ಅದು ಹಿಂಗಾಲು ಝಾಡಿಸಿ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು. ಅಭ್ಯಾಸವಿಲ್ಲದಿದ್ದರೆ ವೈದ್ಯರ ಕೈಯಲ್ಲಿ ನೋಡಿಸುವುದೇ ಲೇಸು.

ಒಂದು ಗಂಡೆಂದು ತಿಳಿದುಬಂದರೆ ಅಂದೇ ಬೇರೆ ಗೂಡು. ಒಂದೇ ಸೂಲಿನ ಅಣ್ಣತಂಗಿಯರಾಗಿದ್ದರೂ ಅವು ಕೂಡದೆ ಇರುವುದಿಲ್ಲ. ಇದೇ ಕಾರಣಕ್ಕೆ ಮರಿಗಳಿರುವ ಓದುಗರಿಗೂ ಒಂದು ಮಾತು: ಹತ್ತು ವಾರವಾಗುವ ಹೊತ್ತಿಗೆ ಗಂಡುಮರಿಗಳನ್ನು ತಾಯಿಯಿಂದಲೂ ಅಕ್ಕತಂಗಿಯರಿಂದಲೂ ಬೇರೆ ಮಾಡಿಬಿಡಿ. ಸಣ್ಣ ತಳಿಯ ಹೆಣ್ಣು ನಾಲ್ಕೈದು ತಿಂಗಳಿಗೇ ಗಬ್ಬ ಕಟ್ಟಬಲ್ಲದು. ಅಷ್ಟು ಎಳೆಯ ಮೈಗೆ ಆ ಭಾರ ಸಲ್ಲದು. ಮುಂದೆ ಮರಿ ಮಾಡಿಸುವ ಯೋಚನೆಯಿದ್ದರೆ ಬೇರೆ ಕಡೆಯಿಂದ ತಂದ, ರಕ್ತಸಂಬಂಧವಿಲ್ಲದ ಜೊತೆಯನ್ನು ಹುಡುಕಿ. ಹಲ್ಲು ಸೊಟ್ಟ ಬೆಳೆಯುವ ಮೊಲ ಎಷ್ಟೇ ಮುದ್ದಾಗಿದ್ದರೂ ಅದರಿಂದ ಮರಿ ಮಾಡಿಸಬೇಡಿ, ಆ ದೋಷ ಮರಿಗಳಿಗೂ ಇಳಿಯುತ್ತದೆ.

ಪ್ರಶ್ನೆ: ಮಹಡಿಯ ಮೇಲೆ ತಗಡಿನ ಶೀಟಿನ ಕೆಳಗೆ ಗೂಡುಗಳಿವೆ. ನೀವು ಹೇಳುವಂತೆ ಗಂಡು, ಹೆಣ್ಣನ್ನು ಬೇರೆಯಾಗಿಯೇ ಇಟ್ಟಿದ್ದೇವೆ. ಡಿಸೆಂಬರಿನಲ್ಲಿ ಒಂದೇ ಸಲಕ್ಕೆ ಗಬ್ಬ ಕಟ್ಟಿದ ಹೆಣ್ಣು, ಏಪ್ರಿಲ್‌ನಿಂದ ಮೂರು ಸಲ ಕೂಡಿಸಿದರೂ ಕಟ್ಟುತ್ತಿಲ್ಲ.
– ಓದುಗರೊಬ್ಬರು, ಪೀಣ್ಯ

ಉತ್ತರ: ದೋಷ ಹೆಣ್ಣಿನದಾಗಿರಲಾರದು. 30 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಕೆಲವು ದಿನ ಕಳೆದರೆ ಗಂಡು ಮೊಲದ ವೀರ್ಯ ತಾತ್ಕಾಲಿಕವಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಹೊಸ ವೀರ್ಯಾಣು ತಯಾರಾಗಲು ಆರರಿಂದ ಎಂಟು ವಾರ ಬೇಕು. ಬೆಂಗಳೂರೆಂದರೆ ತಂಪು ಊರೆಂಬ ಭರವಸೆಯಲ್ಲಿ ಇರಬೇಡಿ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿದೆ, ತಗಡಿನ ಕೆಳಗೆ ಬಿಸಿ ಅದಕ್ಕೂ ಹೆಚ್ಚು. ಗೂಡುಗಳನ್ನು ಈಗಲೇ ಕೆಳಗಿನ ನೆರಳಿಗೆ ಇಳಿಸಿ, ಗಾಳಿಯಾಡುವಂತೆ ನೋಡಿಕೊಳ್ಳಿ. ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರೆ ಮೊಲ ಅದಕ್ಕೆ ಒರಗಿ ಮಲಗುತ್ತದೆ. ಮಳೆ ಹಿಡಿದು ಎರಡು ತಿಂಗಳಾಗುವವರೆಗೆ ಕೂಡಿಸುವ ಪ್ರಯತ್ನ ಬಿಡಿ. ಗಬ್ಬದ ಹೆಣ್ಣಿಗೆ ಈ ಬಿಸಿ ಪ್ರಾಣಾಪಾಯವೇ ಆಗಬಹುದಾದ್ದರಿಂದ, ಬೇಸಿಗೆಯಲ್ಲಿ ಕಟ್ಟದೆ ಹೋದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು.

ಪ್ರಶ್ನೆ: ನಮ್ಮ ಮೊಲಗಳು ಎರಡು ಸೂಲು ಮರಿ ಹಾಕಿದವು, ಎಲ್ಲವನ್ನೂ ಒಳ್ಳೆಯ ಮನೆಗಳಿಗೆ ಕೊಟ್ಟಿದ್ದೇವೆ. ಇನ್ನು ಮರಿ ಬೇಡ. ಆದರೆ ಬೇರೆ ಬೇರೆ ಇಟ್ಟಾಗಿನಿಂದ ಎರಡೂ ಬಲೆಗೆ ಮೂಗು ತಾಗಿಸಿಕೊಂಡು ಕೂರುತ್ತವೆ. ಒಟ್ಟಿಗೆ ಇಡಲು ದಾರಿಯಿಲ್ಲವೇ?
– ಓದುಗರೊಬ್ಬರು, ಯಲಹಂಕ

ಉತ್ತರ: ಇದೆ, ಮತ್ತು ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ನಿಜವಾಗಿಯೂ ಸಂತೋಷವಾಯಿತು. ಎರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಗಂಡು, ಹೆಣ್ಣು ಒಂದೇ ಮನೆಯಲ್ಲಿ ಜೀವಮಾನವಿಡೀ ಕೂಡಿ ಬಾಳಬಲ್ಲವು. ಮೊಲಗಳಲ್ಲಿ ಇದಕ್ಕಿಂತ ನೆಮ್ಮದಿಯ ಜೋಡಿ ಬೇರೊಂದಿಲ್ಲ. ಖರ್ಚಿನ ಕಾರಣಕ್ಕೆ ಗಂಡಿಗಷ್ಟೇ ಮಾಡಿಸುವವರಿದ್ದಾರೆ, ಅದರಿಂದ ಮರಿ ನಿಲ್ಲುತ್ತದೆ ನಿಜ. ಆದರೆ ಶಸ್ತ್ರಚಿಕಿತ್ಸೆ ಮಾಡಿಸದ ಹೆಣ್ಣು ಮೊಲಗಳಲ್ಲಿ ನಾಲ್ಕು ವರ್ಷ ದಾಟಿದ ಮೇಲೆ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ಮೂತ್ರದಲ್ಲಿ ರಕ್ತ ಕಂಡು, ತಡವಾಗಿ ಬಂದ ಹೆಣ್ಣುಗಳನ್ನು ಉಳಿಸಲಾಗದೆ ನೊಂದಿದ್ದೇನೆ. ಸಾಧ್ಯವಾದರೆ ಹೆಣ್ಣಿಗೂ ಮಾಡಿಸಿ.

ಮೊಲಕ್ಕೆ ಅರಿವಳಿಕೆ ಕೊಡುವುದು ನಾಯಿಗೆ ಕೊಟ್ಟಂತಲ್ಲ. ಮೊಲಗಳಿಗೆ ಈ ಮೊದಲು ಶಸ್ತ್ರಚಿಕಿತ್ಸೆ ಮಾಡಿದ ಅನುಭವವಿದೆಯೇ ಎಂದು ನೇರವಾಗಿ ಕೇಳಿ. ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ ನಿಮಗೆ ಹತ್ತಿರದಲ್ಲಿಯೇ ಇದೆ, ಅಲ್ಲಿಯೂ ವಿಚಾರಿಸಿ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲವಾದ್ದರಿಂದ ಹಿಂದಿನ ರಾತ್ರಿ ಉಪವಾಸ ಕೆಡವುವ ಅಗತ್ಯವಿಲ್ಲ. ಉಪವಾಸದಿಂದ ಕರುಳಿನ ಚಲನೆ ನಿಂತು ಅಪಾಯವೇ ಹೆಚ್ಚು. ಮನೆಗೆ ತಂದ ಸಂಜೆಯೇ ಅದು ಸ್ವಲ್ಪವಾದರೂ ತಿನ್ನಬೇಕು, ಹಿಕ್ಕೆ ಹಾಕಬೇಕು. ಎಳೆ ಗರಿಕೆ, ಕೊತ್ತಂಬರಿ ಸೊಪ್ಪು ಮುಂದಿಟ್ಟು ನೋಡಿ. ಮಾರನೆಯ ಬೆಳಗಾದರೂ ಮುಟ್ಟದಿದ್ದರೆ ಕೂಡಲೇ ವೈದ್ಯರಿಗೆ ತಿಳಿಸಿ.

ಗಂಡಿನ ಶಸ್ತ್ರಚಿಕಿತ್ಸೆ ಮುಗಿದೊಡನೆ ಜೊತೆಗೆ ಬಿಡಬೇಡಿ. ಮೊದಲೇ ಉತ್ಪತ್ತಿಯಾದ ವೀರ್ಯಾಣುಗಳು ಮೈಯಲ್ಲಿ ಉಳಿದಿರುತ್ತವೆಯಾದ್ದರಿಂದ ನಾಲ್ಕರಿಂದ ಆರು ವಾರಗಳವರೆಗೆ ಅದು ಗಬ್ಬ ಕಟ್ಟಿಸಬಲ್ಲದು. ಆರು ವಾರ ಪೂರ್ತಿ ಕಾಯಿರಿ. ಆ ಅವಧಿಯಲ್ಲಿ ಗೂಡುಗಳು ಎದುರುಬದುರಾಗಿರಲಿ, ಒಂದರ ಹಾಸುಬಟ್ಟೆಯನ್ನು ಇನ್ನೊಂದಕ್ಕೆ ಹಾಕಿ ವಾಸನೆಯ ಪರಿಚಯ ಹಸಿರಾಗಿಡಿ. ಆಮೇಲೆ ಎರಡೂ ಹಿಂದೆ ಓಡಾಡದ ಒಂದು ಜಾಗದಲ್ಲಿ, ಸ್ನಾನದ ಮನೆಯ ಒಣ ನೆಲದ ಮೇಲೆ ಚಾಪೆ ಹಾಸಿಯಾದರೂ ಸರಿ, ದಿನಕ್ಕೆ ಹತ್ತು ಹದಿನೈದು ನಿಮಿಷದಂತೆ ಒಟ್ಟಿಗೆ ಬಿಡಿ; ನೀವು ಅಲ್ಲಿಯೇ ಕುಳಿತಿರಿ. ಸ್ವಲ್ಪ ಅಟ್ಟಾಡಿಸುವುದು, ಹತ್ತುವುದು ಸಹಜ. ತುಪ್ಪಳ ಹಾರುವಂತೆ ಸುತ್ತಿ ಸುತ್ತಿ ಕಚ್ಚಾಡಿದರೆ ದಪ್ಪ ಟವೆಲ್ ಹಾಕಿ ಬೇರೆ ಮಾಡಿ, ಒಂದೆರಡು ದಿನ ಬಿಟ್ಟು ಮತ್ತೆ ನೋಡಿ. ಒಂದು ತಲೆ ತಗ್ಗಿಸಿ ಇನ್ನೊಂದು ಅದರ ಹಣೆಯನ್ನು ನೆಕ್ಕತೊಡಗಿ, ಎರಡೂ ಪಕ್ಕೆಗೆ ಪಕ್ಕೆ ಒತ್ತಿ ಮಲಗಿದ ದಿನ ನಡುವಿನ ಬಲೆಯನ್ನು ತೆಗೆದುಬಿಡಿ.